ಮರಳಿನ ಡಬ್ಬಿಯ ಸೇವಂತಿಗೆ

“ಮುಟ್ಟಬ್ಯಾಡ್ರಿ ಅಕ್ಕೋರ! ಜಡ್ಡು ಇಳಿಸಿ ಒಗದಿದ್ದು ಅದು. ಮಂದಿ ತುಳಿದು ಮಣ್ಣಾಗಬೇಕು. ಹೂವು ಉಳದ್ರ ಜಡ್ಡೂ ಉಳೀತೈತಿ.”

ಮೊರಬದ ಮೂರು ದಾರಿ ಕೂಡುವಲ್ಲಿ, ಕರಿದಾರ ಸುತ್ತಿದ ಏಳು ಸೇವಂತಿಗೆಗೆ ಕೈಚಾಚಿದ್ದ ಮೃಣಾಲಿನಿ ನಕ್ಕಳು. ಊರ ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಟೀಚರು ಅವಳು. ಹೂವು ಒಣಗಿಸಿ ಚೌಕಟ್ಟಿಗೆ ಹಾಕುವ ಹುಚ್ಚು. ಎದುರಿಗಿದ್ದವಳು ಶಾಲೆಯಲ್ಲಿ ಬಿಸಿಯೂಟ ಮಾಡುವ ದೇವಕ್ಕ. ಯಾರೋ ಮಾಟ ಮಾಡಿಸಿದ್ದಾರೆಂದು ನಂಬಿ, ಕಾಯಿಲೆ ಬಿದ್ದ ಮೊಮ್ಮಗಳು ಸುಧಾರಾಣಿಯ ಮೇಲಿಂದ ಆಕೆಯೇ ನಿವಾಳಿಸಿ ಎಸೆದ ಹೂಗಳವು.

“ಹೂವಿನಿಂದ ಜಡ್ಡು ಹೋಗೂದಿದ್ರ ಡಾಕ್ಟರು ಯಾಕ ಬೇಕಿತ್ತು ದೇವಕ್ಕಾ?” ಎನ್ನುತ್ತ ಮೃಣಾಲಿನಿ ಕೈ ಹಿಂದೆಗೆದಳು. ಓದದವರಿಗೆ ಹೇಳಬಹುದು, ಓದಿದವರಿಗೆ ಹೇಳುವುದು ಕಷ್ಟ. ದೇವಕ್ಕ ಓಣಿ ತಿರುಗಿದ್ದೇ ತಡ, ಏಳೂ ಹೂವು ಚೀಲ ಸೇರಿದವು. ಅಂಥ ಕಡುಹಳದಿ ಮತ್ತೆಲ್ಲಿ ಸಿಗಬೇಕು? ಮನೆಗೆ ಬಂದು, ಸೋಸಿದ ಮರಳು ತುಂಬಿದ ಡಬ್ಬಿಯಲ್ಲಿ ಹೂತಿಟ್ಟಳು. ಮರಳು ಹೂವಿನ ನೀರನ್ನೆಲ್ಲ ಹೀರುತ್ತದೆ, ಬಣ್ಣಕ್ಕೆ ಕೈ ಹಚ್ಚುವುದಿಲ್ಲ.

ಒಂಬತ್ತನೆಯ ದಿನ ಮುಚ್ಚಳ ತೆಗೆದಾಗ ಹೂವಿನ ವಾಸನೆ ಬರಲಿಲ್ಲ. ಜ್ವರದ ಬೆವರು, ಹರಳೆಣ್ಣೆ ಹಚ್ಚಿದ ಕೂದಲು, ಮಾಸಿದ ಕೌದಿ. ಹಾಸಿಗೆ ಹಿಡಿದ ಕೂಸಿನ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಸುಧಾರಾಣಿ ವಾರದಿಂದ ಶಾಲೆಗೆ ಬಂದಿರಲಿಲ್ಲ. ಮೃಣಾಲಿನಿ ಮುಚ್ಚಳ ಒತ್ತಿ ಹಾಕಿದಳು. ಡಬ್ಬಿಯನ್ನು ಚೀಲಕ್ಕೆ ತುರುಕಿಕೊಂಡು ದೇವಕ್ಕನ ಮನೆಗೆ ಓಡಿದಳು.

ಕತ್ತಲೆ ಕೋಣೆಯಲ್ಲಿ ಹುಡುಗಿ ಒಣಗಿ ಬಿದ್ದಿದ್ದಳು. ಕೊಡಗಟ್ಟಲೆ ನೀರು ಕುಡಿದರೂ ಬೆವರಿಲ್ಲ, ಕಣ್ಣೀರಿಲ್ಲ. ಕೆಮ್ಮಿದರೆ ಬಾಯಿಂದ ಮರಳು. ಗಲ್ಲದ ಕೆಂಪು ಮಾತ್ರ ಮಾಸಿರಲಿಲ್ಲ.

“ಯಾರೋ ಹೂವು ಒಯ್ದಾರ್ರೀ,” ದೇವಕ್ಕ ಮೃಣಾಲಿನಿಯ ಕೈ ಹಿಡಿದುಕೊಂಡಳು. “ಒಯ್ದವರು ಬಂದು ಹೇಳಿದ್ರ ಸಾಕು, ಏನ್ ಮಾಡಬೇಕಂತ ನನಗ ಗೊತ್ತೈತಿ. ನೀವಂತೂ ಒಯ್ದಿಲ್ಲಲ್ರಿ?”

“ಇಲ್ಲ.”

ಡಬ್ಬಿ ಹೆಗಲ ಚೀಲದಲ್ಲೇ ಇತ್ತು. ಒಂದು ಮಾತು ಸಾಕಿತ್ತು. ಮರ್ಯಾದೆ ಅಡ್ಡ ಬಂತು. ನಾಚಿಕೆಗೇಡಿ ಮರ್ಯಾದೆ!

ದಾರಿ ಕೂಡುವಲ್ಲಿಗೆ ಬಂದು ಡಬ್ಬಿಯನ್ನು ಬೋರಲು ಹಾಕಿದಳು. ತುಳಿದರೆ ಮುಗಿಯಿತಲ್ಲ. ಮೊದಲ ಹೂವಿನ ಮೇಲೆ ಕಾಲಿಟ್ಟಳು. ಚಟಕ್. ಎಲುಬಿನ ಸದ್ದು. ದೇವಕ್ಕನ ಮನೆಯಿಂದ ಕೂಸಿನ ಚೀರಾಟ. ಕಾಲೆತ್ತಿದಳು. ಹಸಿ ಹೂವು ಮಣ್ಣಾಗುತ್ತದೆ. ಒಣಗಿದ್ದು ಮುರಿಯುತ್ತದೆ. ಅಯ್ಯೋ! ಮೊಣಕಾಲೂರಿದಳು. ಚೀಲದಲ್ಲಿದ್ದ ಬಾಟಲಿಯ ನೀರೆಲ್ಲ ಸುರಿದಳು. ಉಳಿದ ಆರು ಹೂಗಳನ್ನು ನೆನೆಸಿ ಕರಿಮಣ್ಣಿನಲ್ಲಿ ಕಲಸಿದಳು. ಅತ್ತಳು. ಮತ್ತೆ ಕಲಸಿದಳು.

ಸುಧಾರಾಣಿ ಬೆವತಳು. ಬದುಕಿದಳು. ಎಡಗಾಲು ಮಾತ್ರ ಮತ್ತೆ ನೆಲಕ್ಕೆ ಹತ್ತಲಿಲ್ಲ. ಎಲುಬು ಪುಡಿಯಾಗಿದೆ, ಕೂಡುವುದಿಲ್ಲ ಎಂದರು ಡಾಕ್ಟರು.

“ನೀವು ಬಂದ್ಹೋದ ಗಳಿಗ್ಯಾಗ ಕೂಸು ಬೆವತ್ತ ನೋಡ್ರಿ. ನಿಮ್ಮ ಕಾಲ್ಗುಣ ಭಾಳ ಚಲೋ ಐತ್ರಿ ಅಕ್ಕೋರ,” ಎನ್ನುತ್ತ ದೇವಕ್ಕ ಚಹಾ ತರಲು ಒಳಗೆ ಹೋದಳು. ಹುಡುಗಿಯನ್ನು ನೋಡಲು ಮತ್ತೆ ಬಂದಿದ್ದ ಮೃಣಾಲಿನಿ ಹಾಸಿಗೆಯ ಪಕ್ಕ ಕೂತಳು.

ಹಾಸಿಗೆಯಿಂದ ಹುಡುಗಿ ಅವಳ ಸೆರಗು ಜಗ್ಗಿದಳು.

“ಒಂದ ತುಳಿದ್ರಿ, ಹೌದಲ್ರಿ ಅಕ್ಕೋರ? ನಾ ಅಜ್ಜಿಗಿ ಹೇಳೂದಿಲ್ಲ ಬಿಡ್ರಿ.”