ಚೆಲೊ ಪೆಟ್ಟಿಗೆಯ ಒಳಜೇಬು

ಕಮಾನು ಇತ್ತು. ಕಮಾನಿನ ಪರವಾನಗಿ ಇರಲಿಲ್ಲ.

ವಿಮಾನ ನಿಲ್ದಾಣದಲ್ಲಿ, ವಿದೇಶದಿಂದ ಬಂದವರ ಸಾಮಾನು ತಪಾಸಣೆ ಮಾಡುವ ನಮ್ಮ ಕೌಂಟರಿನ ಮುಂದೆ ಒಬ್ಬ ಹೆಣ್ಣುಮಗಳು ಆಳೆತ್ತರದ ಕಪ್ಪು ಪೆಟ್ಟಿಗೆಯನ್ನು ಮಲಗಿಸಿಕೊಂಡು ನಿಂತಿದ್ದಳು. ಅದರ ಒಳಜೇಬಿಗೆ ಮೂರನೆಯ ಸಲ ಕೈಹಾಕಿದಳು. ಸಿಕ್ಕಿದ್ದು ಕಮಾನಿಗೆ ಉಜ್ಜುವ ರಾಳದ ಬಿಲ್ಲೆ, ಒಂದು ಮೋಟು ಪೆನ್ಸಿಲು.

"ಇಲ್ಲೇ ಇತ್ತು," ಎಂದಳು.

ಪೆಟ್ಟಿಗೆಯಲ್ಲಿದ್ದದ್ದು ಚೆಲೊ. ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ, ಪಿಟೀಲಿನ ದೊಡ್ಡಣ್ಣ. ವಿಮಾನದಲ್ಲಿ ಅದಕ್ಕೇ ಒಂದು ಟಿಕೆಟ್ಟು, ಒಂದು ಸೀಟು, ಅದೂ ಕಿಟಕಿಯ ಪಕ್ಕ. ನನಗೆ ಈ ಜನ್ಮದಲ್ಲಿ ಕಿಟಕಿ ಸೀಟು ಸಿಕ್ಕಿಲ್ಲ, ಇರಲಿ. ತಕರಾರು ಚೆಲೊದ್ದಲ್ಲ, ಕಮಾನಿನದು. ಅದರ ತುದಿಗೆ ಉಗುರಿನಷ್ಟು ಆನೆದಂತ ಕೂರಿಸಿದ್ದರು, ನಲವತ್ತು ವರ್ಷದ ಹಿಂದೆ. ದಂತ ಗಡಿ ದಾಟಬೇಕಾದರೆ ಪರವಾನಗಿ ಬೇಕು. ಹೊರಡುವಲ್ಲಿ ಒಂದು ಮೊಹರು, ಇಳಿಯುವಲ್ಲಿ ಇನ್ನೊಂದು. ಪತ್ರವಿಲ್ಲದಿದ್ದರೆ ಜಪ್ತಿ. ಜಪ್ತಿಯಾದದ್ದು ವಾಪಸು ಹೋದದ್ದನ್ನು ನನ್ನ ಹನ್ನೊಂದು ವರ್ಷದ ಗುಮಾಸ್ತಗಿರಿಯಲ್ಲಿ ನಾನು ಕಂಡಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವಳು ಇಲ್ಲಿನ ವಾದ್ಯವೃಂದದವರ ಮುಂದೆ ನುಡಿಸಿ ತೋರಿಸಬೇಕಿತ್ತು. ಖಾಲಿಯಿದ್ದದ್ದು ಒಂದೇ ಜಾಗ. ಕಮಾನು ಅವಳ ಅಪ್ಪನೇ ಕೈಯಾರೆ ಕಡೆದದ್ದು. ಹದಿನಾಲ್ಕನೆಯ ವಯಸ್ಸಿನಿಂದ ಅವಳು ಬೇರೆ ಕಮಾನು ಮುಟ್ಟಿರಲಿಲ್ಲ.

ಜೊತೆಗೆ ಮೂವರಿದ್ದರು. ಅಪ್ಪ, ವಾದ್ಯ ರಿಪೇರಿ ಮಾಡುವ ವಯಸ್ಸಾದ ಯಜಮಾನರು, ಬೆರಳ ತುದಿಗಳಲ್ಲೆಲ್ಲ ವಾರ್ನಿಷಿನ ಕಲೆ. ಗಂಡ, ಪ್ರತಿ ಕಾಗದಕ್ಕೂ ಒಂದೊಂದು ಬಣ್ಣದ ಚೀಟಿ ಅಂಟಿಸಿದ ಫೈಲಿನ ಒಡೆಯ. ಮತ್ತೆ ಗೆಳತಿ. ಅವಳೂ ಚೆಲೊ ನುಡಿಸುವವಳೇ, ಅದೇ ಗುರುವಿನ ಶಿಷ್ಯೆ, ನಾಳೆ ಅದೇ ಜಾಗಕ್ಕೆ ನುಡಿಸಲು ಬಂದವಳು.

ನಾನು ನನ್ನ ಕೆಲಸ ಮಾಡಿದೆ. ಅಳಿಯ ತುಂಬಿಟ್ಟಿದ್ದ ಸಾಮಾನಿನ ಫಾರಮ್ಮುಗಳನ್ನು ಓದಿ ಸಹಿ ಹಾಕಿ ಎಂದು ಒಬ್ಬೊಬ್ಬರ ಕೈಗೂ ಕೊಟ್ಟೆ. ಯಜಮಾನರು ಕನ್ನಡಕ ಏರಿಸಿ, ಮೇಲಿಂದ ಕೆಳಗೆ ನೋಡಿ, ತಲೆದೂಗಿ, ಎಲ್ಲ ಸರಿಯಾಗಿದೆ ಎಂದು ವಾಪಸು ಕೊಟ್ಟರು. ಉಳಿದವರ ಫಾರಮ್ಮುಗಳಿಗೆ ಹೊಂದುವಂತೆ ಅದನ್ನು ತಿರುಗಿಸಿ ಟ್ರೇಯಲ್ಲಿಟ್ಟೆ. ಆಮೇಲೆ, ಎದುರಿನ ಗಾಜಿನ ಕೋಣೆಯಿಂದ ಕೌಂಟರನ್ನೇ ನೋಡುತ್ತ ಕೂತಿದ್ದ ಮೇಡಂಗೆ ಫೋನು ಮಾಡಿದೆ.

ಮೇಡಂ ಅಂದರೆ ನಮ್ಮ ವಿಭಾಗದ ಹಿರಿಯ ಅಧಿಕಾರಿ. ಬೆನ್ನ ಹಿಂದೆ ನಾವು 'ಭೂತಗನ್ನಡಿ' ಎನ್ನುತ್ತೇವೆ. ಹೆಸರಿಟ್ಟವನು ನಾನೇ, ಅದು ಅವರಿಗೂ ಗೊತ್ತು. ಗಂಟೆ ನಾಲ್ಕೂಕಾಲು. ಐದಕ್ಕೆ ದಿನದ ಜಪ್ತಿ ಪಟ್ಟಿಗೆ ಸಹಿ ಬೀಳಬೇಕು. ಅಷ್ಟರೊಳಗೆ ಕಮಾನು ಇತ್ತ ಆಗಬೇಕು, ಇಲ್ಲ ಅತ್ತ.

ಅವರು ಬಂದು ಸ್ಟೂಲಿನ ಮೇಲೆ ಕೂತು, ಮೊದಲು ಗಂಡನನ್ನು ಮಾತಾಡಿಸಿದರು.

"ಕೊನೇ ಸಲ ಪತ್ರ ನೋಡಿದ್ದು ಯಾವಾಗ?"

"ಹೊರಡೋವಾಗ. ಮೊಹರು ಹಾಕಿಸ್ಕೊಂಡು ನಾನೇ ಒಳಜೇಬಲ್ಲಿಟ್ಟೆ. ದಪ್ಪ ಕಾಗದ, ನಾಲ್ಕು ಮಡಿಕೆ. ಕಮಾನಿನ ಜೊತೆಗೇ ಇರ್ಲಿ ಅಂತ."

"ನಿಮ್ಮ ಫೈಲಲ್ಲಿ ಯಾಕಿಡ್ಲಿಲ್ಲ?"

ಅವನು ಫೈಲನ್ನು ಕಂಕುಳಿಗೆ ಸೇರಿಸಿದ. ಆಮೇಲೆ ದನಿ ತಗ್ಗಿಸಿ, ವಿಮಾನದಲ್ಲಿ ಚೆಲೊದ ಪಕ್ಕದ ಸೀಟಿನಲ್ಲಿ ಕೂತಿದ್ದವಳು ಗೆಳತಿ, ಅವಳು ಪೆಟ್ಟಿಗೆ ತೆರೆದು ಆ ಜೇಬಿಗೆ ಕೈಹಾಕಿದ್ದನ್ನು ಕಣ್ಣಾರೆ ಕಂಡೆ ಎಂದ. ನಮಗೆಲ್ಲ ಕೇಳಿಸುವಷ್ಟು ಜೋರಾಗಿಯೇ ತಗ್ಗಿಸಿದ್ದ.

ಗೆಳತಿ ತಲೆ ತಗ್ಗಿಸಲಿಲ್ಲ. "ಹಾಕಿದ್ದೆ. ಇವಳು ಯಾವ ರಾಳ ಉಪಯೋಗಿಸ್ತಾಳೆ ಅಂತ ನೋಡಿ, ವಾಪಸ್ ಇಟ್ಟೆ."

"ಆಗ ಜೇಬಲ್ಲಿ ಕಾಗದ ಇತ್ತಾ?"

"ಇರ್ಲಿಲ್ಲ. ರಾಳ, ಪೆನ್ಸಿಲು, ಅಷ್ಟೇ."

"ಇರ್ಲಿಲ್ವಂತೆ," ಎಂದು ಗಂಡ ಗೋಡೆಗೆ ಹೇಳಿದ.

ಚೆಲೊದವಳು ಗೆಳತಿಯ ಕಡೆ ನೋಡಲಿಲ್ಲ. ಇಬ್ಬರೂ ಹದಿನೈದು ವರ್ಷ ಒಂದೇ ಕೋಣೆಯಲ್ಲಿ ಪಾಠ ಕಲಿತಿದ್ದರಂತೆ. ಆ ಹೊತ್ತಿಗೆ ನನಗೂ ಗೆಳತಿಯ ಮೇಲೇ ಗುಮಾನಿ. ಇಬ್ಬರಿಗೆ ಒಂದೇ ಜಾಗ, ಕೈಗೆಟುಕುವ ಜೇಬು, ಇನ್ನೇನು ಬೇಕು? ಅವಳ ಕೈಚೀಲ ತೆಗೆಸಿ ನೋಡೋಣವೇ ಎಂದು ಮೇಡಂ ಕಿವಿಯಲ್ಲಿ ಕೇಳಿದೆ. ಅವರು ಕೇಳಿಸದವರಂತೆ ಇನ್ನೊಂದೇ ಪ್ರಶ್ನೆ ಹಾಕಿದರು: ಮೊಹರು ಬಿದ್ದ ಮೇಲೆ, ವಿಮಾನ ಹತ್ತುವ ಮೊದಲು ಯಾರಾದರೂ ಪೆಟ್ಟಿಗೆ ತೆರೆದಿದ್ದರೇ?

ತೆರೆದಿದ್ದರು. ಭದ್ರತೆಯವರು ಚೆಲೊವನ್ನೇ ಹೊರಗೆ ತೆಗೆಸಿ, ಟಾರ್ಚು ಬಿಟ್ಟು ಹೊಟ್ಟೆಯೊಳಗೆಲ್ಲ ನೋಡಿದ್ದರು. ಆಗ ಗಂಡ ಬೆಲ್ಟು, ಬೂಟು ಹಾಕಿಕೊಳ್ಳುತ್ತಿದ್ದ. ಚೆಲೊಗೂ ಟಿಕೆಟ್ಟಿದೆ ಎಂದು ಒಪ್ಪಿಸುವುದರಲ್ಲಿ ಹೆಂಡತಿ ಹೈರಾಣಾಗಿದ್ದಳು. ಗೆಳತಿ ಇನ್ನೂ ಹಿಂದಿನ ಸಾಲಿನಲ್ಲಿದ್ದಳು. ಚೆಲೊವನ್ನು ಮತ್ತೆ ಪೆಟ್ಟಿಗೆಗಿಟ್ಟವರು ಯಜಮಾನರು. ಅವರಿಗಲ್ಲದೆ ಬೇರೆಯವರಿಗೆ ಆ ಕೆಲಸ ಕೊಡುವುದೇ ಇಲ್ಲವಂತೆ.

ಮೇಡಂ ಪೆಟ್ಟಿಗೆಯ ಮೇಲೆ ಬಾಗಿದರು. ಚೆಲೊದ ಕೆಳಭಾಗದಲ್ಲಿ ತಂತಿಗಳ ಬುಡ ಹಿಡಿದಿರುವ ಕರಿಯ ಪಟ್ಟಿಯನ್ನು ತೋರಿಸಿ, "ಇದರಡಿಗೆ ಏನೋ ತುರುಕಿದೆಯಲ್ಲ, ಏನಿದು?" ಎಂದರು.

"ಒತ್ತು," ಎಂದಳು ಅವಳು, ಮನಸ್ಸು ಇನ್ನೆಲ್ಲೋ. "ಪ್ರಯಾಣದಲ್ಲಿ ತಂತಿ ಸಡಿಲ ಮಾಡ್ತೀವಿ. ತಂತಿ ಹೊತ್ತಿರೋ ಈ ಕುದುರೆ ಬಿದ್ರೆ ಪಟ್ಟಿ ಹೋಗಿ ಮರಕ್ಕೆ ಹೊಡೆಯುತ್ತೆ. ಅದಕ್ಕೇ ಅಪ್ಪ ಬಟ್ಟೆನೋ ರಟ್ಟೋ ಇಟ್ಟಿರ್ತಾರೆ. ಯಾವಾಗ್ಲೂ."

ಮೇಡಂ ಟ್ರೇಯಿಂದ ಒಂದು ಫಾರಂ ಎತ್ತಿ ನೋಡಿ ಕೆಳಗಿಟ್ಟರು. ಆಮೇಲೆ ಯಜಮಾನರ ಕಡೆ ತಿರುಗಿ ಮೆಲ್ಲಗೆ, "ಯಜಮಾನ್ರೇ, ಆ ಒತ್ತನ್ನ ನೀವೇ ತೆಗೆದು ಕೊಡ್ತೀರಾ?" ಎಂದರು.

ಮುದುಕರು ಮೊಣಕಾಲೂರಿ ಕೂತರು. ಎರಡು ಬೆರಳಲ್ಲಿ ಒತ್ತನ್ನು ಅಲ್ಲಾಡಿಸಿ ಈಚೆಗೆಳೆದರು. ಕೆನೆಬಣ್ಣದ ಮಡಿಕೆ. ಕೊಡಲು ಕೈಚಾಚಿದವರ ಹೆಬ್ಬೆರಳು ಕಾಗದದ ಮೇಲೆ ಒಂದು ಕಡೆ ನಿಂತಿತು. ಅಲ್ಲಿ ಉಬ್ಬಚ್ಚಿನ ಮೊಹರಿತ್ತು. ಹೆಬ್ಬೆರಳು ಅದರ ಸುತ್ತ ಒಂದು ಸುತ್ತು ಬಂತು.

"ಅಯ್ಯೋ, ಇದು ರಟ್ಟಲ್ಲ," ಎಂದರು.

ಗಂಡ ಕಸಿದುಕೊಂಡವನಂತೆ ಬಿಡಿಸಿ ನೋಡಿದ. ಪರವಾನಗಿಯೇ. ಮೊಹರು, ಸಹಿ, ಎಲ್ಲ ಇತ್ತು. ಇದು ಅಲ್ಲಿಗೆ ಹೇಗೆ ಹೋಯಿತು ಎಂದು ಅವನು ಮಾವನ ಮುಖ ನೋಡಿದ. ಮುದುಕರು ಮೇಡಂ ಇದ್ದ ಕಡೆ ಮುಖ ಮಾಡಿ, "ನಿಮಗೆ ಗೊತ್ತಾಗಿದೆ. ನೀವೇ ಹೇಳ್ಬಿಡಿ," ಎಂದರು.

ಮೇಡಂ ಹೇಳಿದರು. ಗೆಳತಿ ಕದ್ದಿದ್ದರೆ, ತಾನು ನೋಡುವಾಗ ಪತ್ರ ಅಲ್ಲೇ ಇತ್ತು ಎನ್ನುತ್ತಿದ್ದಳು. ಆಗ ಅನುಮಾನ ಅವಳ ನಂತರದವರ ಮೇಲೆ ಹೋಗುತ್ತಿತ್ತು. ಇರಲಿಲ್ಲ ಎಂದು ತನಗೇ ಕಷ್ಟವಾಗುವ ಮಾತು ಆಡಿದಳು. ಆದ್ದರಿಂದ ಅದು ನಿಜ, ಪತ್ರ ವಿಮಾನ ಹತ್ತುವ ಮೊದಲೇ ಜೇಬು ಬಿಟ್ಟಿತ್ತು. ನಡುವೆ ಪೆಟ್ಟಿಗೆ ಮುಟ್ಟಿದವರು ಒಬ್ಬರೇ, ಮಗಳಿಗೆ ಕೇಡು ಬಗೆಯುವವರಲ್ಲ.

"ಹಾಗಾದ್ರೆ ಅದೇನು ಅಂತ ಗೊತ್ತಿಲ್ಲದೆ ತೆಗೆದಿದ್ದಾರೆ. ಅಷ್ಟು ದಪ್ಪಕ್ಷರದ ಪತ್ರ ಗೊತ್ತಾಗದೆ ಇರುತ್ತಾ? ಇರುತ್ತೆ." ಅವರು ನನ್ನ ಕಡೆ ನೋಡಿದರು. "ಇವರು ನಿನಗೆ ಫಾರಂ ವಾಪಸ್ ಕೊಟ್ಟಾಗ ಅದನ್ನ ಯಾಕಪ್ಪಾ ತಿರುಗಿಸಿಟ್ಟೆ?"

ನನಗೆ ಆಗ ಹೊಳೆಯಿತು. ಅದು ತಲೆಕೆಳಗಾಗಿತ್ತು. ನಾನು ಕೊಟ್ಟದ್ದೇ ತಲೆಕೆಳಗಾಗಿ. ಉಳಿದವರು ತಿರುಗಿಸಿಕೊಂಡು ಓದಿದ್ದರು, ಯಜಮಾನರು ಹಾಗೇ ಹಿಡಿದು ಓದಿ ಮುಗಿಸಿದ್ದರು. ಸಹಿಯೂ ಹಾಕಿರಲಿಲ್ಲ. ಹನ್ನೊಂದು ವರ್ಷದ ಗುಮಾಸ್ತ, ಕಣ್ಣಿದ್ದೂ ಕುರುಡ. ನಾಚಿಕೆಯಾಯಿತು.

ಯಜಮಾನರು ತಾವಾಗಿಯೇ ಹೇಳಿದರು. ಭದ್ರತೆಯವರ ತಟ್ಟೆಯಲ್ಲಿ ಒತ್ತಿನ ಬಟ್ಟೆ ಎಲ್ಲೋ ಬಿದ್ದುಹೋಯಿತು, ಕೈಗೆ ಸಿಗಲಿಲ್ಲ. ಆ ಒಳಜೇಬಿನಲ್ಲಿ ಮೊದಲಿನಿಂದಲೂ ಅವರ ರಟ್ಟಿನ ಚೂರುಗಳೇ ಇರುತ್ತಿದ್ದವು. ಕೈಹಾಕಿದರು, ದಪ್ಪಗೆ ಸಿಕ್ಕಿತು, ತುರುಕಿದರು. ಅಳಿಯ ರಟ್ಟುಗಳನ್ನು ಎತ್ತಿ ಎಸೆದು ಜೇಬು ಚೊಕ್ಕಟ ಮಾಡಿದ್ದು ಅವರಿಗೆ ತಿಳಿದಿರಲಿಲ್ಲ.

"ಎಷ್ಟು ದಿನದಿಂದಪ್ಪಾ?" ಮಗಳು ಕೇಳಿದಳು.

"ಒಂದು ವರ್ಷ ಆಯ್ತು. ಅಕ್ಷರ ಕಣ್ಣಿಗೆ ಕಾಣೋಲ್ಲ. ಮರ ಇನ್ನೂ ಕೈಗೆ ತಿಳಿಯುತ್ತೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಇಲ್ಲಿಗೆ ಬರ್ತಿದ್ಯಾ?"

ಬರುತ್ತಿರಲಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಅವಳು ಅಪ್ಪನ ಪಕ್ಕ ನೆಲದ ಮೇಲೆ ಕೂತು ಅತ್ತಳು. ಗೆಳತಿಯೂ ಬಂದು ಇನ್ನೊಂದು ಪಕ್ಕ ಕೂತಳು. ಗಂಡ ಗೆಳತಿಯ ಹತ್ತಿರ ಹೋಗಿ, ತಪ್ಪಾಯ್ತು ಎಂದ, ಈ ಸಲ ನಿಜವಾಗಿಯೂ ತಗ್ಗಿದ ದನಿಯಲ್ಲಿ.

ಐದಕ್ಕೆ ಏಳು ನಿಮಿಷವಿರುವಾಗ ಪತ್ರದ ಮೇಲೆ ಎರಡನೆಯ ಮೊಹರು ಬಿತ್ತು. ನಾನೇ ಒತ್ತಿದೆ. ಜಪ್ತಿ ಪಟ್ಟಿ ಆ ದಿನ ಖಾಲಿ ಹೋಯಿತು.

ಉಳಿದದ್ದು ಯಜಮಾನರ ಫಾರಂ. ಈ ಸಲ ಸರಿಯಾಗಿ ಹಿಡಿದು ಕೊಟ್ಟೆ. ಅವರು ಕನ್ನಡಕ ತೆಗೆದು ಜೇಬಿಗಿಟ್ಟು, ಅದನ್ನು ಮಗಳ ಕಡೆ ಚಾಚಿದರು.

"ಓದಮ್ಮ," ಎಂದರು.

ಅವಳು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಧಾನವಾಗಿ ಓದಿದಳು. ಆಮೇಲೆ ಅವರ ತೋರುಬೆರಳು ಹಿಡಿದು, ಸಹಿ ಹಾಕಬೇಕಾದ ಜಾಗದ ಮೇಲೆ ಇಟ್ಟಳು.