ಸುಮ್ಮನಿದ್ದ ಸೋಮವಾರ

ಮಧುಗಿರಿ ತಾಲ್ಲೂಕಿನ ಪಂಚಾಯಿತಿಗಳಿಗೆಲ್ಲ ಇಂಟರ್ನೆಟ್ ಎಳೆದವನು ರಾಮಾಂಜನೇಯ. ಅವನು ಕೇಬಲ್ ಮುಟ್ಟಿದರೆ ಮಧುಗಿರಿ ಬೆಟ್ಟವೂ ಎದ್ದು ಕೂತು ಸಿಗ್ನಲ್ ಕೊಡುತ್ತಿತ್ತು. ಹಾಗಂತ ಅವನೇ ಹೇಳಿದ್ದು. ನಾನು ಸ್ವಲ್ಪ ಕಡಿಮೆ ಮಾಡಿ ಬರೆದಿದ್ದೇನೆ.

ಅಂಥವನ ಮಾತನ್ನು ಚೂರೂ ನಂಬದವಳು ಭೂಮಂಡಲದಲ್ಲಿ ಒಬ್ಬಳೇ: ದೊಡ್ಡೇರಿ ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್ ಪವಿತ್ರ.

ಮೊದಲ ದಿನ ಅವಳ ಕಂಪ್ಯೂಟರಿಗೆ ಅಡ್ರೆಸ್ ಕೊಡುತ್ತಾ ಹೇಳಿದ, “ಮೆಷಿನ್‌ಗೆ ನಂಬರೇ ಅಡ್ರೆಸ್ಸು. ನಂಬರ್ ಯಾರಿಗೆ ನೆನಪಿರ್ತದೆ? ಅದ್ಕೆ ಒಂದು ಹೆಸರೂ ಇಡ್ತೀವಿ.” ಪಟ್ಟಿಯಲ್ಲಿ ಅವಳದೇ ಹೆಸರು ಟೈಪ್ ಮಾಡಿದ.

“ಒಂದ್ಮಾತು ಕೇಳ್ದೆ ನಾಮಕರಣ ಮಾಡ್ಬುಟ್ರಲ್ಲ. ತೊಟ್ಲು ತಂದಿದ್ದೀರಾ?”

ಆ ಓರೆನೋಟಕ್ಕೆ ರೂಟರಿನ ದೀಪಗಳೆಲ್ಲ ಒಟ್ಟಿಗೆ ಮಿನುಗಿದವು.

ಅವನು ಅವಳಿಗೆ ಪಿಂಗ್ ಕಲಿಸಿದ. ಪಿಂಗ್ ಅಂದರೆ ಇನ್ನೊಂದು ಮೆಷಿನ್‌ಗೆ ‘ಇದೀಯಾ?’ ಅಂತ ಕೇಳುವುದು. ದಿನಾ ಹತ್ತಕ್ಕೆ ಅವಳು ಮಧುಗಿರಿಯ ಅವನ ಆಫೀಸಿಗೆ ಪಿಂಗ್ ಮಾಡುತ್ತಿದ್ದಳು. ನಾಲ್ಕು ಸಲ ಕೇಳಿದರೆ ನಾಲ್ಕು ಉತ್ತರ.

“ನಿಮ್ಗಿಂತ ಇದೇ ವಾಸಿ. ಕೇಳಿದ್ದಷ್ಟಕ್ಕೇ ಉತ್ರ ಕೊಡ್ತದೆ.”

“ತಲುಪದಿದ್ರೂ ಸುಮ್ನಿರಲ್ಲ. ಎಲ್ಲಿ ನಿಲ್ತದೋ ಅಲ್ಲಿಂದ್ಲೇ ‘ತಲುಪಲಿಲ್ಲ’ ಅಂತ ಸುದ್ದಿ ವಾಪಸ್ ಬರ್ತದೆ. ಅದು ಮರ್ಯಾದೆ ಕಣಮ್ಮ.”

ಒಂದು ಶನಿವಾರ ಪವಿತ್ರ ಕೀಬೋರ್ಡಿನ ಮೇಲೆ ಕಣ್ಣಿಟ್ಟೇ ಹೇಳಿದಳು. “ಸೋಮವಾರ ಸಂಜೆ ಶಿರಾದವ್ರು ನನ್ನ ನೋಡಕ್ಕೆ ಬರ್ತಾರೆ. ನೀವು ಹೂಂ ಅಂದ್ರೆ ಅಪ್ಪಂಗೆ ಹೇಳಿ ಬ್ಯಾಡ ಅನ್ನಿಸ್ತೀನಿ. ಬಾಯಲ್ಲಿ ಹೇಳ್ಬೇಡಿ, ನಿಮ್ಮ ಬಾಯಿ ನಾನು ನಂಬಲ್ಲ. ಹತ್ತಕ್ಕೆ ಪಿಂಗ್ ಮಾಡ್ತೀನಿ. ಹೂಂ ಅಂದ್ರೆ ಉತ್ರ ಬರ್ಲಿ. ಇಲ್ಲ ಅಂದ್ರೆ ‘ತಲುಪಲಿಲ್ಲ’ ಅಂತ ಬರೋ ಹಂಗೆ ಮಾಡಿ. ಸುಮ್ನೆ ಮಾತ್ರ ಇರ್ಬೇಡಿ.”

ಇಡೀ ತಾಲ್ಲೂಕಿಗೆ ಕೇಳುವಂತೆ ಮಾತಾಡುವವನಿಗೆ ತಾಯಿ ಗಿರಿಯಮ್ಮನ ಮುಂದೆ ನಾಲಿಗೆಯೇ ಏಳಲಿಲ್ಲ. ಭಾನುವಾರ ಮೂರು ಸಲ ಅಡುಗೆಮನೆಗೆ ಹೋಗಿ, ಮೂರು ಸಲವೂ ನೀರು ಕುಡಿದು ಬಂದ.

ಸೋಮವಾರ ಬೆಳಿಗ್ಗೆ ಹೂಂ ಅನ್ನಲು ಧೈರ್ಯವಿಲ್ಲ, ಇಲ್ಲ ಅನ್ನಲು ಮನಸ್ಸಿಲ್ಲ. ಬಂದ ಪಿಂಗನ್ನು ಸದ್ದಿಲ್ಲದೆ ಬೀಳಿಸಿಬಿಡುವ ಮೂರನೆಯ ದಾರಿಯೊಂದು ಆಫೀಸಿನ ನೆಟ್‌ವರ್ಕಿಗೆ ಕಾವಲಿದ್ದ ಫೈರ್‌ವಾಲ್‌ನಲ್ಲಿತ್ತು. ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ಎರಡು ದಿನ ಟೈಮ್ ಸಿಗುತ್ತದೆ ಎಂದುಕೊಂಡು ಅದನ್ನೇ ಒತ್ತಿ, ಐ.ಡಿ.ಹಳ್ಳಿಗೆ ರಿಪೇರಿಗೆ ಹೊರಟುಹೋದ.

ಬುಧವಾರ ಕೊನೆಗೂ ಬಾಯಿಬಿಟ್ಟ. ಗಿರಿಯಮ್ಮ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಲೂ ಇಲ್ಲ. “ಇಷ್ಟೇನಾ? ಮೊದ್ಲೇ ಹೇಳಕ್ಕೆ ಏನಾಗಿತ್ಲಾ ನಿಂಗೆ?”

ಗಾಳಿಯನ್ನು ಹಿಂದೆ ಹಾಕಿ ದೊಡ್ಡೇರಿ ಮುಟ್ಟಿದ.

“ಶಿರಾದವ್ರನ್ನ ಒಪ್ಕೊಂಬುಟ್ಟೆ,” ಅಂದಳು ಪವಿತ್ರ. “ಇಲ್ಲ ಅಂದಿದ್ರೆ ಅತ್ತು ಮುಗಿಸ್ತಿದ್ದೆ. ನೀವು ಏನೂ ಅನ್ನಲಿಲ್ಲ.”

“ಅವತ್ತು ಎಷ್ಟು ಸಲ ಕೇಳ್ದೆ?”

“ದಿನಾ ಕೇಳೋ ಹಂಗೆ. ನಾಕೇ ಸಲ.” ಅವಳ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. “ಮನೇಲಿ ಹುಡುಕ್ತಾರೆ, ಹೊರಡ್ತೀನಿ. ಚೆನ್ನಾಗಿರಿ.”

ರಾಮಾಂಜನೇಯ ಮಧುಗಿರಿಗೆ ವಾಪಸಾಗಿ ಆ ತಡೆಯನ್ನು ತೆಗೆಯಲು ಕೂತ. ಬೀಳಿಸಿದ ಒಂದೊಂದು ಪಿಂಗನ್ನೂ ಫೈರ್‌ವಾಲ್ ಎಣಿಸಿಟ್ಟಿತ್ತು. ಎಲ್ಲವೂ ದೊಡ್ಡೇರಿಯವು, ಎಲ್ಲವೂ ಸೋಮವಾರದವು. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ, ಐದು ಸೆಕೆಂಡಿಗೊಂದರಂತೆ.

ಐದು ಸಾವಿರದ ನಾನೂರು.

ಈ ಕಥೆಯಲ್ಲಿ ನಾನು ಹಿಗ್ಗಿಸದೆ ಹೇಳಿದ್ದು ಅದೊಂದನ್ನೇ.