ಮಂಗಳವಾರದ ಪಾತಿ

ಮಾರ್ಚ್ ಐದು, ಬುಧವಾರ, ಬೆಳಿಗ್ಗೆ 9.10. ಸೊಪ್ಪು ಬೆಳೆಯುವ ಹೆಂಗಸೊಬ್ಬಳು ಠಾಣೆಯ ಮೇಜಿನ ಮೇಲೆ ಎರಡು ಪಾಲಕ್ ಗಿಡಗಳನ್ನು ಬೇರುಸಮೇತ ಇಟ್ಟಳು. ಒಂದು ದಷ್ಟಪುಷ್ಟವಾಗಿತ್ತು. ಇನ್ನೊಂದರ ಎಲೆ ಹಳದಿ, ಬೇರು ಕಂದು, ಮೊಟಕು.

"ಯಾರೋ ನನ್ನ ತೋಟಕ್ಕೆ ವಿಷ ಹಾಕ್ತಿದಾರೆ ಸಾರ್. ಈ ಸೊಪ್ಪನ್ನ ಊರೆಲ್ಲ ತಿನ್ನುತ್ತೆ."

"ರೋಗ ಇರಬಹುದಲ್ಲಮ್ಮ?" ಎಂದ ಹೆಡ್ ಕಾನ್‌ಸ್ಟೆಬಲ್. ಠಾಣೆಯವರೆಲ್ಲ ಅವನನ್ನು ಕರೆಯುವುದು 'ಮೀಸೆ' ಎಂದೇ.

"ರೋಗಕ್ಕೆ ವಾರ ಗೊತ್ತಿರುತ್ತಾ? ಮಂಗಳವಾರದ ಪಾತಿ ಮಾತ್ರ ಸಾಯ್ತಿದೆ. ಪಕ್ಕದ ಸೋಮವಾರ, ಬುಧವಾರ ನಳನಳಿಸ್ತಿವೆ."

ಇನ್ಸ್‌ಪೆಕ್ಟರ್ ಕುರ್ಚಿಯಿಂದ ಎದ್ದೇಬಿಟ್ಟರು. "ಪಾತಿಗೂ ವಾರಕ್ಕೂ ಏನಮ್ಮ ನಂಟು?"

"ಬೆಳಿಗ್ಗೆ ಏಳಕ್ಕೆ ಕಾಲುವೆ ನೀರು ತಿರುಗಿಸ್ತೀನಿ, ದಿನಕ್ಕೊಂದು ಪಾತಿಗೆ. ನೀರು ಬಿಟ್ಟ ವಾರವೇ ಅದರ ಹೆಸರು."

ಇಪ್ಪತ್ತು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರಿಗೆ ಬೇಕಾದಷ್ಟು ಸಾಕ್ಷಿಗಳು ಸಿಕ್ಕಿದ್ದರು. ದಿನಚರಿ ಬರೆದಿಟ್ಟ ಗಿಡಗಳು ಸಿಕ್ಕಿದ್ದು ಇದೇ ಮೊದಲು. ಹುರುಪಿಗೆ ಕೈ ನಿಲ್ಲಲಿಲ್ಲ. 9.40ಕ್ಕೆ ಎಫ್‌ಐಆರ್, 11.30ಕ್ಕೆ ತೋಟದಲ್ಲಿ ಪಂಚನಾಮೆ. ಏಳು ಪಾತಿಗಳ ಮಣ್ಣು, ಬೇರು, ಎಲೆ ಬೇರೆ ಬೇರೆ ಚೀಲಗಳಲ್ಲಿ ಸೀಲಾದವು. ವರದಿ ಬರುವವರೆಗೆ ಒಂದು ಕಟ್ಟೂ ಮಾರಬೇಡಿ ಎಂದಾಗ ಹೆಂಗಸಿನ ಮುಖ ಬಾಡಿತು.

ಸೋಮವಾರ ಸಂಜೆ ಪ್ರಯೋಗಾಲಯದ ವರದಿ ಬಂತು. ಮಂಗಳವಾರದ ಪಾತಿಯಲ್ಲಿ ಮಾತ್ರ ಕ್ಯಾಡ್ಮಿಯಂ ಎಂಬ ಲೋಹದ ವಿಷ. ಬೇರು ಹೀರಿದ್ದನ್ನು ಗಿಡ ಎಲೆಗೇರಿಸಿದೆ. ತಿನ್ನುತ್ತ ಹೋದವರ ಮೂತ್ರಪಿಂಡಕ್ಕೆ ಕುತ್ತು.

"ಮೀಸೆ, ನಾಳೆ ಯಾವ ವಾರ?"

"ಮಂಗಳವಾರ ಸಾರ್!"

ಮರುದಿನ ಬೆಳಿಗ್ಗೆ 6.20. ಕಾಲುವೆಯ ಮೇಲ್ಭಾಗದ ಪೊದೆಯಲ್ಲಿ ಇನ್ಸ್‌ಪೆಕ್ಟರ್, ಮೀಸೆ ಅಡಗಿ ಕೂತರು. 6.45ಕ್ಕೆ ಕೈಗಾಡಿ ಬಂತು. ನಟ್ಟು ಬೋಲ್ಟುಗಳಿಗೆ ಅದೇ ಲೋಹದ ಲೇಪ ಹಾಕುವ ಕಾರ್ಖಾನೆಯ ಮಾಲೀಕ ಡ್ರಮ್ಮಿನ ಮುಚ್ಚಳ ತೆಗೆದು ಕಾಲುವೆಗೆ ಬಗ್ಗಿಸಿದ.

"ಹಿಡಿ!"

ಹೆಡ್ ಕಾನ್‌ಸ್ಟೆಬಲ್ ಹಾರಿದ, ಜಾರಿದ, ಕೆಸರಿಗೆ ಬಿದ್ದ. ಗಾದೆಗೆ ವಿರುದ್ಧವಾಗಿ ಮೀಸೆಯೂ ಮಣ್ಣಾಯಿತು. ಕೈಗೆ ಸಿಕ್ಕ ಮಾಲೀಕನ ಕಾಲನ್ನು ಮಾತ್ರ ಬಿಡಲಿಲ್ಲ.

ಠಾಣೆ, 8.15.

"ಮಂಗಳವಾರವೇ ಯಾಕೆ?"

"ಲೇಪದ ತೊಟ್ಟಿ ತೊಳೆಯೋದು ಸೋಮವಾರ. ಆ ನೀರು ಮರುದಿನ ಬೆಳಿಗ್ಗೆ ಸುರೀತೀನಿ."

"ನಿಮ್ಮ ಹಿತ್ತಲಲ್ಲೇ ಸುರೀಬಹುದಿತ್ತಲ್ಲ?"

"ಅಲ್ಲಿ ನಮ್ಮ ಬಾವಿ ಇದೆ ಸಾರ್. ಮೊಮ್ಮಗಳು ಕುಡಿಯೋದು ಆ ನೀರೇ. ಹರಿಯೋ ನೀರಿಗೆ ಹಾಕಿದ್ರೆ ಕೊಚ್ಕೊಂಡು ಹೋಗುತ್ತೆ ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ಹಳದಿ ಗಿಡವನ್ನು ಮುಂದಿಟ್ಟರು. ಮಾಲೀಕ ಅದನ್ನು ನೋಡಿದ, ಬಾಗಿಲಲ್ಲಿ ನಿಂತಿದ್ದ ಹೆಂಗಸನ್ನು ನೋಡಿದ. ಅವನ ಹೆಂಡತಿ ಸೊಪ್ಪು ಕೊಳ್ಳುತ್ತಿದ್ದುದು ಅವಳ ಹತ್ತಿರವೇ.

"ತಂಗೀ, ನಮ್ಮನೆಗೆ ಕೊಟ್ಟಿದ್ದು ಯಾವ ವಾರದ ಪಾತಿದು?"

ಅವಳು ಮೇಜಿನ ಮೇಲಿನ ಹಳದಿ ಗಿಡದತ್ತ ಕೈ ತೋರಿಸಿದಳು. "ಮಗುವಿಗೆ ಎಳೇ ಸೊಪ್ಪೇ ಬೇಕು ಅನ್ನೋರು ಅತ್ತಿಗೆ. ಆಗಿನ್ನೂ ಹಳದಿ ಬಂದಿರಲಿಲ್ಲ ಅಣ್ಣ. ಬೆಳೀದೇ ನಿಂತಿತ್ತು. ಎಳೇದು ಅಂತ ಅದನ್ನೇ ಆರಿಸಿ ಕೊಟ್ಟೆ."

8.40ಕ್ಕೆ ಬಂಧನ ದಾಖಲಾಯಿತು. ವಕೀಲರು ಬೇಕೇ ಎಂದು ಕೇಳಿದರೆ ಮಾಲೀಕ ಡಾಕ್ಟರ್ ಬೇಕೆಂದ, ತನಗಲ್ಲ. ಮೀಸೆ ಮುಖದ ಕೆಸರನ್ನೂ ತೊಳೆಯದೆ ಮಗುವನ್ನು ಕರೆತರಲು ಜೀಪು ಹತ್ತಿದ.